ಕಾಫಿಯ ಕೂಟದಿಂದ ಲಿಂಬೆಯ ಬೆಳೆಗಾರರು ಕಲಿಯತಕ್ಕ ಪಾಠ

ಇಂಡಿ ಸೀಮೆಯ ಲಿಂಬೆಯ ಧಾರಣೆಯು ಬೇಸಿಗೆಯಲ್ಲಿ ಏರಿ, ಮಳೆಗಾಲದಲ್ಲಿ ಹಣ್ಣು ಬಿಡಿಸುವ ಕೂಲಿಯೂ ಹುಟ್ಟದಷ್ಟು ಇಳಿಯುವುದುಂಟು. ಹಣ್ಣು ಬಹುಕಾಲ ನಿಲ್ಲತಕ್ಕದ್ದಲ್ಲ; ಆದಕಾರಣ ಒಂಟಿಯಾದ ಒಕ್ಕಲಿಗನು ಕೊಳ್ಳುವವನು ಹೇಳಿದ ಬೆಲೆಗೇ ಒಪ್ಪಬೇಕಾಗುವುದು.

ಇಂಥದೇ ಸಂಕಟವು ಮಲೆನಾಡಿನ ಕಾಫಿಗೂ ಒದಗಿತ್ತು. ಎರಡನೆಯ ಮಹಾಯುದ್ಧದಲ್ಲಿ ಪರದೇಶದ ಪೇಟೆಗಳು ಮುಚ್ಚಲು, 1942ರ ಕಾಯಿದೆಯ ಮೇರೆಗೆ ಕಾಫಿ ಮಂಡಳಿಯು ಬೆಳೆಗಾರರ ಕಾಫಿಯನ್ನು ಒಂದೆಡೆ ಕೂಡಿಸಿ, ತರಗತಿ ಮಾಡಿ, ಹರಾಜಿನಲ್ಲಿ ಮಾರಿ, ಹಣವನ್ನು ಕಂತುಗಳಲ್ಲಿ ಹಂಚುತ್ತಿತ್ತು. ಸಣ್ಣ ಬೆಳೆಗಾರನಿಗೂ ಪೇಟೆ ದೊರೆಯಿತು. ಆದರೆ ಹಣವು ತಡವಾಗಿ ಕೈಸೇರುತ್ತಿದ್ದುದರಿಂದ ಬೆಳೆಗಾರರು ಬೇಸತ್ತರು. 1990ರ ದಶಕದಲ್ಲಿ ಆ ಕಡ್ಡಾಯವು ನಿಂತುಹೋಯಿತು.

ಇದರಿಂದ ತಿಳಿಯತಕ್ಕದ್ದೇನೆಂದರೆ, ಕೂಡಿ ಮಾರಿದರೆ ಬಲವುಂಟು. ಹಣ ಬೇಗ ಮುಟ್ಟದಿದ್ದರೆ ಕೂಟವು ಬಾಳದು.

ಲಿಂಬೆ ಅಭಿವೃದ್ಧಿ ಮಂಡಳಿಯು ಇಂಡಿಯಲ್ಲಿಯೇ ಇರುತ್ತದೆ. ಗ್ರಾಮದ ಹಿರಿಯರು ಬೆಳೆಗಾರರ ಸಂಘ ಕಟ್ಟಿಸಿ, ಹಣ್ಣನ್ನು ಗಾತ್ರದಂತೆ ಬೇರ್ಪಡಿಸಿ, ಮಳೆಗಾಲಕ್ಕೆ ಮುಂಚೆಯೇ ಉಪ್ಪಿನಕಾಯಿಯ ಕಾರ್ಖಾನೆಗಳೊಡನೆ ಬೆಲೆಯನ್ನೂ ಹಣ ಸಲ್ಲಿಸುವ ದಿನವನ್ನೂ ಬರೆದ ಕರಾರು ಮಾಡಿಸುವುದು ಲೇಸು. ನೀರಿಗೂ ಗೊಬ್ಬರಕ್ಕೂ ಹಣವಿಲ್ಲದೆ ಒಕ್ಕಲಿಗನು ಗಿಡ ಕಡಿದರೆ, ವ್ಯಾಪಾರಿಗೂ ಮುಂದೆ ಸರಕಿಲ್ಲ. ಬೆಳೆಯುವವನು ಉಳಿದರೆ ಕೊಳ್ಳುವವನೂ ಉಳಿಯುವನು.