ಚೀಟಿ ಎತ್ತಿ ಶಾಲೆ ನಡೆಸುವ ಮಾತು

ಪುಟ್ಟಿ,

ನೀನು ಕಳಿಸಿದ ಫೋಟೋ ನೋಡಿದೆ. ಗ್ರೀನ್ ಕಾರ್ಡ್ ಬಂದ ಮೇಲೆ ಅಲಾಸ್ಕಾದಲ್ಲಿ ಇದು ನಿನ್ನ ಮೊದಲ ಡಿವಿಡೆಂಡ್ ಅರ್ಜಿ. ಅದರಲ್ಲಿ ‘ಎಜುಕೇಶನ್ ರಾಫಲ್’ ಅಂತ ನೂರು ಡಾಲರಿನ ಒಂದು ಜಾಗ ಇದೆ, ಟಿಕ್ ಹಾಕಲೋ ಬೇಡವೋ ಅಜ್ಜ, ಊರಲ್ಲೂ ಸರ್ಕಾರಿ ಶಾಲೆಗಳಿಗೆ ಇಂಥದ್ದೊಂದು ಯಾಕೆ ಮಾಡಬಾರದು ಎಂದು ಕೇಳಿದ್ದಿ. ಮೊದಲ ಪ್ರಶ್ನೆಗೆ ಉತ್ತರ ಚಿಕ್ಕದು: ಮನಸ್ಸಿದ್ದರೆ ಹಾಕು. ಎರಡನೆಯದಕ್ಕೆ ಅಷ್ಟು ಬೇಗ ತಲೆಯಾಡಿಸಲಾರೆ. ಖಜಾನೆಯಲ್ಲಿ ತಲೆಗೂದಲು ಹಣ್ಣಾದವನನ್ನು ಕೇಳಿದ್ದಿ, ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ.

ನಿಮ್ಮಲ್ಲಿಯ ಏರ್ಪಾಡು ಬುದ್ಧಿವಂತರು ಮಾಡಿದ್ದು, ಅದನ್ನು ಮೊದಲೇ ಒಪ್ಪಿಬಿಡುತ್ತೇನೆ. 1976ರಲ್ಲಿ ಸಂವಿಧಾನಕ್ಕೇ ತಿದ್ದುಪಡಿ ತಂದು ಎಣ್ಣೆಯ ಆದಾಯದ ಒಂದು ಪಾಲನ್ನು ಶಾಶ್ವತ ನಿಧಿಯಲ್ಲಿ ಇಟ್ಟರು. 1982ರಿಂದ ಅದರ ಗಳಿಕೆಯಲ್ಲಿ ಪ್ರತಿ ನಿವಾಸಿಗೂ ವರ್ಷಕ್ಕೊಮ್ಮೆ ಸಮಪಾಲು. ತೊಟ್ಟಿಲ ಮಗುವಿಗೂ ಅಷ್ಟೇ, ಬ್ಯಾಂಕ್ ಮ್ಯಾನೇಜರನಿಗೂ ಅಷ್ಟೇ. 2022ರಲ್ಲಿ 3,284 ಡಾಲರ್ ಬಂದಿತ್ತು, 2025ರಲ್ಲಿ ಬರೀ 1,000. ಈ ಹಣ ಕೈಗೆ ಬರುವ ಮುಂಚೆಯೇ ಅದರಿಂದ ನೂರು ಡಾಲರ್ ಶಾಲೆಗೆ ಬಿಡು, ನಿನ್ನ ಹೆಸರು ಚೀಟಿಗೆ ಸೇರುತ್ತದೆ ಅನ್ನುವುದು ರಾಫಲ್. ಕ್ಲಿಕ್ ಬಿಷಪ್ ಎಂಬ ಸೆನೆಟರ್ ತಲೆಯಲ್ಲಿ ಹುಟ್ಟಿದ ಯೋಜನೆ, 2018ರಲ್ಲಿ ಕಾನೂನಾಯಿತು. ನೂರರಲ್ಲಿ ಐವತ್ತು ಶಾಲೆಗಳ ಅನುದಾನಕ್ಕೆ, ಇಪ್ಪತ್ತೈದು ಶಿಕ್ಷಣದ ದತ್ತಿನಿಧಿಗೆ, ಉಳಿದ ಇಪ್ಪತ್ತೈದು ಬಹುಮಾನದ ನಿಧಿಗೆ. ವರ್ಷಕ್ಕೆ ನಾಲ್ಕು ಜನರಿಗೆ ಬಹುಮಾನ.

ಇದರಲ್ಲಿ ನನಗೆ ಹಿಡಿಸಿದ್ದು ಒಂದು ಸಂಗತಿ. ಚೀಟಿಗೆ ಹೋಗುವ ಹಣ ಯಾರ ಹೊಟ್ಟೆಬಟ್ಟೆಯದ್ದೂ ಅಲ್ಲ, ಎಲ್ಲರಿಗೂ ಸಮನಾಗಿ ಬಂದ ಹಣ. ಅದೂ ವರ್ಷಕ್ಕೆ ಒಂದೇ ಸಲ, ಅರ್ಜಿ ತುಂಬುವಾಗ ಮಾತ್ರ. ಬೆಳಿಗ್ಗೆ ಸೋತದ್ದನ್ನು ಸಂಜೆಗೆ ಗೆಲ್ಲುತ್ತೇನೆಂದು ಮತ್ತೆ ಕೈಹಾಕಲು ದಾರಿಯೇ ಇಲ್ಲ. ಹಾಗೆ ನೋಡಿದರೆ ಅಲಾಸ್ಕಾದಲ್ಲಿ ಸರ್ಕಾರಿ ಲಾಟರಿಯೇ ಇಲ್ಲ. ನೆನಾನಾ ಎಂಬಲ್ಲಿ ಹೆಪ್ಪುಗಟ್ಟಿದ ನದಿ ಯಾವ ದಿನ, ಎಷ್ಟು ಗಂಟೆಗೆ ಒಡೆಯುತ್ತದೆಂದು 1917ರಿಂದ ಪಣ ಕಟ್ಟುತ್ತ ಬಂದಿದ್ದಾರಂತೆ. ಆ ಚಳಿಯಲ್ಲಿ ಮನುಷ್ಯರಿಗೆ ಅಷ್ಟಾದರೂ ಬೇಡವೇ, ಅದನ್ನು ನಾನು ತಪ್ಪೆನ್ನುವುದಿಲ್ಲ.

ಇನ್ನು ಊರಿನ ಮಾತು. ನಮ್ಮಲ್ಲಿ ಸರ್ಕಾರವೇ ಚೀಟಿ ಮಾರಿ ನೋಡಿ ಆಗಿದೆ ಮಾರಾಯ್ತಿ. ನೀನು ಪ್ರೈಮರಿಯಲ್ಲಿದ್ದಾಗ, 2007ರಲ್ಲಿ, ಕರ್ನಾಟಕದಲ್ಲಿ ಲಾಟರಿ ನಿಂತಿತು. ಅದಕ್ಕೂ ಮೊದಲು ಬೆಂಗಳೂರಿನಲ್ಲಿ ಒಂದು ಇಲಾಖೆ ಇತ್ತು: ಸಣ್ಣ ಉಳಿತಾಯ ಮತ್ತು ರಾಜ್ಯ ಲಾಟರಿ ನಿರ್ದೇಶನಾಲಯ. ಎರಡೂ ಒಂದೇ ಬೋರ್ಡಿನ ಕೆಳಗೆ! ಒಂದು ಟೇಬಲ್ಲಿನಿಂದ ‘ಪೋಸ್ಟಾಫೀಸಿನಲ್ಲಿ ದುಡ್ಡು ಕೂಡಿಡಿ’ ಎಂಬ ಭಿತ್ತಿಪತ್ರ ಹೊರಡುತ್ತಿತ್ತು, ಇನ್ನೊಂದು ಟೇಬಲ್ಲಿನಿಂದ ಟಿಕೆಟ್ಟಿನ ಕಟ್ಟು. ನಾವು ಕಚೇರಿಯಲ್ಲಿ ಇದನ್ನು ಹೇಳಿಕೊಂಡು ನಗುತ್ತಿದ್ದೆವು.

ಶುರುವಿನ ಕಾಲದ ಲಾಟರಿ ಅಂಥ ಕೆಟ್ಟದ್ದೂ ಆಗಿರಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಸೈಕಲ್ಲಿಗೆ ಮೈಕ್ ಕಟ್ಟಿಕೊಂಡು ‘ನಾಳೆ ಡ್ರಾ, ನಾಳೆ ಡ್ರಾ’ ಎಂದು ಕೂಗುವವನು ಇರುತ್ತಿದ್ದ. ಒಂದು ಟಿಕೆಟ್ ಕೊಂಡು ಷರಟಿನ ಕಿಸೆಯಲ್ಲಿ ಇಟ್ಟುಕೊಂಡರೆ ಡ್ರಾ ಆಗುವವರೆಗೆ ಮನಸ್ಸಿನಲ್ಲೇ ಮನೆ ಕಟ್ಟಬಹುದಿತ್ತು. ಹಾಳಾದದ್ದು ಆನ್‌ಲೈನ್ ಮತ್ತು ಒಂದಂಕಿ ಲಾಟರಿ ಬಂದ ಮೇಲೆ. ನಮ್ಮ ಖಜಾನೆಗೆ ಹೋಗುವ ದಾರಿಯಲ್ಲೇ ಒಂದು ಅಂಗಡಿ ಇತ್ತು. ಕಿರಿದಾದ ಕೋಣೆ, ಮೇಲೊಂದು ಟಿವಿ, ಗಂಟೆ ಗಂಟೆಗೂ ಫಲಿತಾಂಶ, ನೆಲದಲ್ಲಿ ಪಾದ ಮುಚ್ಚುವಷ್ಟು ಹರಿದ ಚೀಟಿ. ಶನಿವಾರ ಸಂಜೆ ಬಟವಾಡೆ ಆದ ಗಾರೆ ಕೆಲಸದವರು ಮನೆಗೆ ಹೋಗುವ ಮುಂಚೆ ಅಲ್ಲಿಗೆ. ಹೆಂಡತಿ ರಾತ್ರಿಯೆಲ್ಲ ಕಟ್ಟಿದ ಬೀಡಿಯ ಹಣವನ್ನು ಬ್ರಾಂಚಿನಿಂದ ತಂದ ಗಂಡಸರೂ ಅಲ್ಲಿಗೇ. ಒಂಬತ್ತು ಬಂತೋ ಏಳು ಬಂತೋ ಎಂದು ಬಾಯಿ ತೆರೆದು ನಿಂತವರಲ್ಲಿ ಒಬ್ಬನೂ ‘ನನ್ನ ಹಣ ರಾಜ್ಯದ ಅಭಿವೃದ್ಧಿಗೆ ಹೋಯಿತು’ ಎಂದು ಸಮಾಧಾನ ಮಾಡಿಕೊಂಡದ್ದನ್ನು ನಾನು ಕೇಳಿಲ್ಲ. ಒಂದಂಕಿಯ ಮೇಲೆ ಬಹುಮಾನ ಇಡಬಾರದೆಂದು 1998ರ ಕೇಂದ್ರ ಕಾಯ್ದೆಯಲ್ಲೇ ಬರೆದಿತ್ತು. ಬರೆದದ್ದು ಕಾಗದದಲ್ಲಿ ಉಳಿಯಿತು.

ಗಡಿ ದಾಟಿ ಕೇರಳದ ಪೆರ್ಲಕ್ಕೋ ಬದಿಯಡ್ಕಕ್ಕೋ ಹೋದರೆ ಇವತ್ತಿಗೂ ಟಿಕೆಟ್ ಸಿಗುತ್ತದೆ. ಕೇರಳ ಸರ್ಕಾರ 1967ರಲ್ಲಿ ಲಾಟರಿ ಶುರುಮಾಡಿತು. ಒಂದು ರೂಪಾಯಿ ಟಿಕೆಟ್, 50,000 ರೂಪಾಯಿಯ ಮೊದಲ ಬಹುಮಾನ, 1968ರ ಗಣರಾಜ್ಯ ದಿನದಂದು ಮೊದಲ ಡ್ರಾ. 2011ರಲ್ಲಿ ಬಡ ರೋಗಿಗಳ ಚಿಕಿತ್ಸೆಗೆಂದೇ ‘ಕಾರುಣ್ಯ’ ಬಂತು. ಅದರಿಂದ ಡಯಾಲಿಸಿಸ್ ಮಾಡಿಸಿಕೊಂಡವರು ಕಾಸರಗೋಡಿನ ನಮ್ಮವರಲ್ಲೂ ಇದ್ದಾರೆ, ಸುಳ್ಳಲ್ಲ. ಆದರೆ ಒಂದು ಲೆಕ್ಕ ಗೊತ್ತಿರಲಿ. ಲಾಟರಿಯಲ್ಲಿ ಮಾರಾಟದ ಮೊತ್ತ ಬೇರೆ, ಸರ್ಕಾರಕ್ಕೆ ಉಳಿಯುವುದು ಬೇರೆ. ಬಹುಮಾನ, ಏಜೆಂಟರ ಕಮಿಷನ್, ಮುದ್ರಣ, ಜಾಹೀರಾತು ಕಳೆದು ಕೈಗೆ ಹತ್ತುವುದು ಸಣ್ಣ ಪಾಲು. ಪೇಪರಿನಲ್ಲಿ ಯಾವಾಗಲೂ ದೊಡ್ಡ ಅಂಕಿಯನ್ನೇ ಹಾಕುತ್ತಾರೆ. ಯಾರಾದರೂ ಲಾಟರಿಯಿಂದ ಇಂತಿಷ್ಟು ಸಾವಿರ ಕೋಟಿ ಎಂದರೆ, ಉಳಿದದ್ದೆಷ್ಟು ಎಂದು ಕೇಳು.

ಅದಕ್ಕಿಂತ ದೊಡ್ಡ ತೊಡಕು ಹಣ ಬಂದ ಮೇಲೆ ಇದೆ. ಮೊಮ್ಮಗನ ಫೀಸಿಗೆಂದು ಅಜ್ಜಿ ಹತ್ತು ಸಾವಿರ ಕೊಡುತ್ತಾಳೆ. ಅಪ್ಪ ಫೀಸಿಗೆಂದು ತೆಗೆದಿಟ್ಟ ತನ್ನ ಹತ್ತು ಸಾವಿರದಲ್ಲಿ ಮೊಬೈಲ್ ಕೊಳ್ಳುತ್ತಾನೆ. ಫೀಸು ಕಟ್ಟಿದ್ದು ಅಜ್ಜಿಯ ಹಣದಿಂದಲೇ, ರಶೀದಿಯೂ ಇದೆ. ಆದರೆ ಅಜ್ಜಿ ಕೊಟ್ಟದ್ದರಿಂದ ಹುಡುಗನ ಓದಿಗೆ ಹೆಚ್ಚು ಸಿಕ್ಕಿದ್ದೇನು? ಅಮೆರಿಕದ ರಾಜ್ಯಗಳಲ್ಲಿ ಲಾಟರಿಗೂ ಶಾಲೆಗೂ ಆದದ್ದು ಬಹಳ ಕಡೆ ಇದೇ. ನ್ಯೂ ಹ್ಯಾಂಪ್‌ಷೈರಿನಲ್ಲಿ ವರಮಾನ ತೆರಿಗೆಯೂ ಇಲ್ಲ, ಮಾರಾಟ ತೆರಿಗೆಯೂ ಇಲ್ಲ. ತೆರಿಗೆ ಹಾಕಲು ಮನಸ್ಸಿಲ್ಲದೆ 1964ರಲ್ಲಿ ಕುದುರೆ ಪಂದ್ಯಕ್ಕೆ ಜೋಡಿಸಿದ ಮೂರು ಡಾಲರಿನ ಟಿಕೆಟ್ ಮಾರಿ ಶಾಲೆಗೆ ಹಣ ಎತ್ತಿದರು. ಆ ದೇಶದ ಈಗಿನ ಸರ್ಕಾರಿ ಲಾಟರಿಗಳಿಗೆಲ್ಲ ಅದೇ ನಾಂದಿ. ಫ್ಲಾರಿಡಾದಲ್ಲಿ 1986ರಲ್ಲಿ ಜನ ಶಿಕ್ಷಣಕ್ಕೆಂದು ನಂಬಿ ಓಟು ಹಾಕಿದರು, 1988ರಲ್ಲಿ ಟಿಕೆಟ್ ಮಾರಾಟಕ್ಕೆ ಬಂತು. ಸ್ವಲ್ಪ ಕಾಲದಲ್ಲೇ ಗೊಣಗಾಟ ಶುರು: ಲಾಟರಿಯ ಹಣ ಈ ಬಾಗಿಲಿನಿಂದ ಒಳಗೆ ಬಂದರೆ ಮಾಮೂಲಿ ಬಜೆಟ್ಟಿನ ಹಣ ಆ ಬಾಗಿಲಿನಿಂದ ಹೊರಗೆ ಹೋಗುತ್ತಿದೆ ಎಂದು. ಜಾರ್ಜಿಯಾ 1993ರಿಂದ ಲಾಟರಿಯ ಹಣವನ್ನು ‘ಹೋಪ್’ ವಿದ್ಯಾರ್ಥಿವೇತನಕ್ಕೆ ಕಟ್ಟಿಹಾಕಿತು. ಸೋರಿಕೆ ಕಡಿಮೆಯಾಯಿತು, ಆದರೆ ಕೊಡುವುದು ಅಂಕ ನೋಡಿ. ಟಿಕೆಟ್ ಹೆಚ್ಚು ಕೊಂಡವರು ಬಡವರ ಕೇರಿಯವರು, ವಿದ್ಯಾರ್ಥಿವೇತನ ಹೆಚ್ಚು ಪಡೆದದ್ದು ಅನುಕೂಲಸ್ಥರ ಮಕ್ಕಳು ಎಂದು ಅಲ್ಲಿಯ ಅರ್ಥಶಾಸ್ತ್ರಜ್ಞರೇ ಲೆಕ್ಕ ತೆಗೆದು ತೋರಿಸಿದ್ದಾರೆ.

ಈಗ ನಿನ್ನ ಅಲಾಸ್ಕಾಕ್ಕೆ ವಾಪಸು ಬರುತ್ತೇನೆ, ಏಕೆಂದರೆ ಅಲ್ಲಿಯ ಲೆಕ್ಕ ಬಹಳ ಸ್ವಾರಸ್ಯದ್ದು. ಅಲ್ಲಿ ಶಾಲೆ ನಡೆಯುವುದು ರಾಫಲ್ಲಿನಿಂದ ಅಲ್ಲ, ಶಾಸನಸಭೆ ಒಬ್ಬ ವಿದ್ಯಾರ್ಥಿಗೆ ಇಷ್ಟು ಎಂದು ಗೊತ್ತುಮಾಡುವ ಮೂಲ ಅನುದಾನದಿಂದ. ಅದು ವರ್ಷಗಟ್ಟಲೆ 5,930 ಡಾಲರಿನಲ್ಲೇ ನಿಂತಿತ್ತು. ಬೆಲೆಗಳು ಏರಿದವು, ಶಾಲೆ ಬಿಸಿ ಇಡುವ ಖರ್ಚು ಏರಿತು, ಈ ಅಂಕಿ ಮಾತ್ರ ಕದಲಲಿಲ್ಲ. ಆಮೇಲೆ ಮೂವತ್ತು ಡಾಲರ್ ಸೇರಿಸಿ 5,960 ಮಾಡಿದರು. 2024ರಲ್ಲಿ ಹೆಚ್ಚಿಸುವ ಮಸೂದೆಯೊಂದನ್ನು ಗವರ್ನರ್ ಡನ್‌ಲೀವಿ ತಡೆದರು. ತಡೆ ತೆಗೆಯಲು ಬೇಕಾದದ್ದು 40 ಓಟು, ಬಿದ್ದದ್ದು 39. ಒಂದೇ ಓಟು ನೋಡು! 2025ರಲ್ಲಿ 700 ಡಾಲರ್ ಹೆಚ್ಚಿಸುವ ಮಸೂದೆಗೂ ತಡೆ ಬಿತ್ತು, ಈ ಸಲ ಸಭೆ ಅದನ್ನು ಮೀರಿಸಿತು. ಗವರ್ನರ್ ಬಜೆಟ್ಟಿನಲ್ಲಿ ಮತ್ತೆ 200 ಡಾಲರ್ ಕತ್ತರಿಸಿದರು. ಆಗಸ್ಟಿನಲ್ಲಿ ಸಭೆ ಮತ್ತೆ ಕೂಡಿ ಅದನ್ನೂ ವಾಪಸು ತಂದಿತು.

ಆ 700 ಡಾಲರ್ ಹೆಚ್ಚಳಕ್ಕೆ ವರ್ಷಕ್ಕೆ ತಗಲುವುದು ಸುಮಾರು 18 ಕೋಟಿ ಡಾಲರ್. ಇಷ್ಟನ್ನೇ ರಾಫಲ್ಲಿನಿಂದ ಎತ್ತುವುದಾದರೆ? ಚೀಟಿಯಲ್ಲಿ ಅರ್ಧ ಮಾತ್ರ ಶಾಲೆಗೆ ಹೋಗುವುದರಿಂದ 36 ಕೋಟಿ ಡಾಲರಿನ ಚೀಟಿ ಹೋಗಬೇಕು. ಅಂದರೆ ನೂರರ 36 ಲಕ್ಷ ಚೀಟಿ. ಆ ರಾಜ್ಯದ ಜನಸಂಖ್ಯೆಯೇ ಏಳು ಲಕ್ಷ ಚಿಲ್ಲರೆ. ತಲೆಗೆ ಐದು ಚೀಟಿ ಬೀಳುತ್ತದೆ, ಮೊಲೆಹಾಲು ಕುಡಿಯುವ ಕೂಸೂ ಸೇರಿ. ಸಾವಿರ ಡಾಲರ್ ಡಿವಿಡೆಂಡ್ ಬಂದ ವರ್ಷ ಅದರಲ್ಲಿ ಅರ್ಧ ಎಲ್ಲರೂ ಬಿಡಬೇಕು. ಎಲ್ಲರೂ ಐನೂರು ಕೊಡುವುದಾದರೆ ಅದಕ್ಕೆ ಚೀಟಿ ಯಾಕೆ, ಬಹುಮಾನ ಯಾಕೆ? ಅದನ್ನು ತೆರಿಗೆ ಎನ್ನುತ್ತಾರೆ. ಅಲಾಸ್ಕಾದಲ್ಲಿ ರಾಜ್ಯದ ವರಮಾನ ತೆರಿಗೆಯೂ ಇಲ್ಲ, ಮಾರಾಟ ತೆರಿಗೆಯೂ ಇಲ್ಲ. ಶಾಶ್ವತ ನಿಧಿಯಿಂದ ವರ್ಷಕ್ಕೆ ಇಷ್ಟು ತೆಗೆಯಬಹುದೆಂದು ಒಂದು ಮಿತಿ. ಅದರಲ್ಲೇ ಮನೆಮನೆಯ ಡಿವಿಡೆಂಡೂ ಆಗಬೇಕು, ಶಾಲೆ ರಸ್ತೆಯೂ ಆಗಬೇಕು. 2016ರಲ್ಲಿ ಗವರ್ನರ್ ವಾಕರ್ ಡಿವಿಡೆಂಡಿಗೆ ಕತ್ತರಿ ಹಾಕಿದಂದಿನಿಂದ ಅಲ್ಲಿಯ ರಾಜಕಾರಣವೆಲ್ಲ ಇದರ ಸುತ್ತಲೇ. ಹಂಚಿಕೆ ಹೇಗಾಗಬೇಕೆಂದು ಸಭೆಯಲ್ಲಿ ಕೂತು ಹೇಳಬೇಕಾದವರು, ನಿನ್ನ ಪಾಲಿನಿಂದ ನಿನಗೆ ಮನಸ್ಸಿದ್ದರೆ ಕೊಡು, ಅದೃಷ್ಟ ಇದ್ದರೆ ಬಹುಮಾನವೂ ಉಂಟು ಎಂದು ಅರ್ಜಿಯಲ್ಲಿ ಒಂದು ಚೌಕ ಬರೆದಿಟ್ಟರು. ಬಿಷಪ್ ಅವರ ಮನಸ್ಸು ಒಳ್ಳೆಯದೇ ಇರಬಹುದು. ಆದರೆ ಆ ಚೌಕದ ಮೇಲೆ ಶಾಲೆಯ ಭಾರ ನಿಲ್ಲುವುದಿಲ್ಲ.

ಊರಲ್ಲಿ ಯಾಕೆ ಮಾಡಬಾರದು ಎಂದೆಯಲ್ಲ. ನಮ್ಮಲ್ಲಿ ಶಾಲೆಗಳು ಸೊರಗಿದ್ದು ಹಣ ಎತ್ತುವ ದಾರಿ ಸಾಲದೆ ಅಲ್ಲ. 2004ರಲ್ಲಿ ಶೇಕಡಾ 2 ಶಿಕ್ಷಣ ಸೆಸ್ ಬಂತು, 2018ರಿಂದ ಆರೋಗ್ಯವನ್ನೂ ಸೇರಿಸಿ ಶೇಕಡಾ 4 ಆಗಿದೆ. ಸೆಸ್ ಆದ್ದರಿಂದ ತೆರಿಗೆ ಹಂಚಿಕೆಯಲ್ಲಿ ರಾಜ್ಯಗಳಿಗೆ ಪಾಲಿಲ್ಲ. ಪೇಟೆಯ ಮನೆಗಂದಾಯದ ಜೊತೆ ನೂರಕ್ಕೆ ಆರು ರೂಪಾಯಿ ಗ್ರಂಥಾಲಯ ಕರ ಅಂತ ನಾವೆಲ್ಲ ಕಟ್ಟುತ್ತೇವೆ. ಅದು ನಗರಸಂಸ್ಥೆಯಿಂದ ಗ್ರಂಥಾಲಯ ಇಲಾಖೆಗೆ ಹೋಗಿ ಸೇರುವುದರಲ್ಲಿ ಬಾಕಿಯ ಪುರಾಣ ಎಷ್ಟು ವರ್ಷದ್ದು ಎಂದು ಯಾವ ಲೈಬ್ರರಿಯನ್ನರನ್ನು ಕೇಳಿದರೂ ಹೇಳುತ್ತಾರೆ. ಇದಕ್ಕೆಂದೇ ಎತ್ತಿದ ಹಣ ಇದಕ್ಕೇ ಹೋಯಿತೇ ಎಂದು ಕೇಳುವವರಿಲ್ಲದಿದ್ದರೆ ಹೊಸ ಹೆಸರಿನಲ್ಲಿ ಇನ್ನಷ್ಟು ಎತ್ತಿ ಪ್ರಯೋಜನವಿಲ್ಲ. ಖಜಾನೆಯಲ್ಲಿ ಬಿಲ್ಲು ಬಂದಾಗ ನಾವು ಮೊದಲು ನೋಡುತ್ತಿದ್ದದ್ದು ಲೆಕ್ಕ ಶೀರ್ಷಿಕೆ. ಮೊತ್ತ ಆಮೇಲೆ.

ನಿನಗೆ ಹೇಳುವುದು ಇಷ್ಟು. ಶಾಲೆಗೆ ಕೊಡಬೇಕೆಂಬ ಆಸೆಯೇ ಇದ್ದರೆ ಅದೇ ಅರ್ಜಿಯಲ್ಲಿ ‘ಪಿಕ್ ಕ್ಲಿಕ್ ಗಿವ್’ ಎಂಬುದೂ ಇದೆ, 2009ರಿಂದ. ಇಪ್ಪತ್ತೈದು ಡಾಲರಿನಿಂದ ಶುರು, ಬಹುಮಾನ ಗಿಹುಮಾನ ಇಲ್ಲ, ನೀನು ಆರಿಸಿದ ಸಂಸ್ಥೆಗೆ ಹೋಗುತ್ತದೆ. ಮಕ್ಕಳ ಓದಿಗೆ ದುಡಿಯುವ ಸಂಸ್ಥೆಗಳೂ ಆ ಪಟ್ಟಿಯಲ್ಲಿ ಸಿಗುತ್ತವೆ. ರಾಫಲ್ಲೂ ಹಾಕುವ ಮನಸ್ಸಿದ್ದರೆ ಒಂದು ಹಾಕು. ಎರಡು ಮೂರು ಹಾಕಿ ಬಹುಮಾನ ಕಾಯುತ್ತ ಕೂರಬೇಡ. ಮುಖ್ಯ ಕೆಲಸ ಬೇರೆ ಇದೆ. ನಿಮ್ಮ ಆಂಕರೇಜಿನ ಶಾಲಾ ಮಂಡಳಿ ಬಜೆಟ್ ಚರ್ಚೆಗೆ ಇಟ್ಟಾಗ ಸಾರ್ವಜನಿಕರಿಗೆ ಮಾತಾಡಲು ಸಮಯ ಕೊಡುತ್ತಾರೆ. ಗ್ರೀನ್ ಕಾರ್ಡಿನವಳಿಗೆ ಓಟಿಲ್ಲ, ಸರಿ, ಮಾತಾಡಲು ಅಡ್ಡಿಯಿಲ್ಲ. ಹೋಗು. ಈ ವರ್ಷ ತರಗತಿಯಲ್ಲಿ ಮಕ್ಕಳೆಷ್ಟು, ಕಳೆದ ವರ್ಷ ಎಷ್ಟಿತ್ತು, ರಾಫಲ್ಲಿನ ಅನುದಾನ ಯಾವ ಸಾಲಿನಲ್ಲಿ ಜಮೆಯಾಗಿದೆ, ಅದು ಬಂದ ಮೇಲೆ ಆ ಸಾಲಿನ ಬೇರೆ ಹಣ ಕಡಿಮೆಯಾಗಿದೆಯೇ ಎಂದು ಕೇಳು. ಮೊದಲ ಸಲ ನಾಲಗೆ ಒಣಗುತ್ತದೆ, ಚೀಟಿಯಲ್ಲಿ ಬರೆದುಕೊಂಡು ಹೋದರಾಯಿತು.

ಇಲ್ಲಿ ನಿನ್ನ ತಮ್ಮ ಊರ ಶಾಲೆಯ ಹಳೆ ವಿದ್ಯಾರ್ಥಿ ಸಂಘದ ಪರವಾಗಿ ಲಕ್ಕಿ ಡಿಪ್ಪಿನ ಕೂಪನ್ ಪುಸ್ತಕ ಅಚ್ಚು ಹಾಕಿಸಲು ಹೊರಟಿದ್ದಾನೆ. ಮೊದಲ ಬಹುಮಾನ ಚಿನ್ನದ ನಾಣ್ಯವಂತೆ, ಕೂಪನ್ ಮಾರುವವರು ಐದು ಆರನೇ ಕ್ಲಾಸಿನ ಮಕ್ಕಳಂತೆ. ಸರ್ಕಾರದ ಅನುಮತಿಯಿಲ್ಲದೆ ಲಾಟರಿ ನಡೆಸುವುದು ಕಾನೂನಿಗೆ ವಿರುದ್ಧ ಎಂಬುದೊಂದು, ಮಕ್ಕಳ ಕೈಗೆ ಅದನ್ನು ಕೊಟ್ಟು ಮನೆಮನೆಗೆ ಅಟ್ಟುವುದು ಇನ್ನೊಂದು. ಎರಡನ್ನೂ ಅವನಿಗೆ ಹೇಳಿದ್ದೇನೆ. ನಾಣ್ಯದ ಹಣ ಉಳಿಸಿ, ದೊಡ್ಡವರೇ ನಾಲ್ಕು ಜನ ಹೋಗಿ ರಶೀದಿ ಕೊಟ್ಟು ವಂತಿಗೆ ಎತ್ತಿ, ಶೌಚಾಲಯಕ್ಕೆ ಬಾಗಿಲು ಮಾಡಿಸಿ ಅಂದೆ. ಆ ಶಾಲೆಗೆ ಮಂಜೂರಾದ ಹುದ್ದೆ ಎಷ್ಟು, ತುಂಬಿರುವುದು ಎಷ್ಟು ಎಂದು ಎಸ್‌ಡಿಎಂಸಿಯ ಲೆಟರ್‌ಹೆಡ್ಡಿನಲ್ಲಿ ಬಿಇಒ ಕಚೇರಿಗೆ ಬರೆದು, ಸ್ವೀಕೃತಿಯ ಸೀಲು ಹಾಕಿಸಿಕೊಂಡು ಬಾ ಎಂದೂ ಹೇಳಿದೆ. ಮುಖ ಸಣ್ಣದು ಮಾಡಿಕೊಂಡ. ನೀನೊಮ್ಮೆ ಫೋನ್ ಮಾಡಿ ಹೇಳು, ನಿನ್ನ ಮಾತು ಕೇಳುತ್ತಾನೆ.

ನಿನ್ನ ಅಜ್ಜ