ಭಾರೀ ತೂಕದ ಮುಷ್ಟಿಮಲ್ಲರಲ್ಲಿ ಬಾಲಪ್ರತಿಭೆಗಳು ಏಕೆ ವಿರಳ?

ವಿಜಯದಶಮಿಯಂದು ಮೈಸೂರಿನ ಅರಮನೆಯ ಅಂಗಳದಲ್ಲಿ ನಡೆಯುವ ವಜ್ರಮುಷ್ಟಿ ಕಾಳಗದ ವಿಷಯವನ್ನು ವಾಚಕರಲ್ಲಿ ಹಲವರು ಕೇಳಿರಬಹುದು. ಕೈಬೆರಳುಗಳಿಗೆ ಮೊನೆಯುಳ್ಳ ಆಯುಧವನ್ನು ತೊಟ್ಟ ಇಬ್ಬರು ಜೆಟ್ಟಿಗಳು ಸೆಣಸುತ್ತಾರೆ. ಒಬ್ಬನ ತಲೆಯಿಂದ ರಕ್ತ ಚಿಮ್ಮಿದೊಡನೆ ಕಾಳಗ ಮುಗಿಯುತ್ತದೆ. ನಮ್ಮ ನಾಡಿನ ಮಲ್ಲವಿದ್ಯೆಯಲ್ಲಿ ಪಾಶ್ಚಾತ್ಯರ ಬಾಕ್ಸಿಂಗಿಗೆ ಹತ್ತಿರವಾದುದು ಇದು. ಮಲ್ಲರನ್ನು ಕುರಿತ ವಿಚಾರವೂ ನಮ್ಮಲ್ಲಿ ಹಳೆಯದೇ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದವೆಂಬ ಭಾಗವುಂಟು. ಅಲ್ಲಿ ಮಲ್ಲರನ್ನು ಮೈಕಟ್ಟು, ಬಲ ಇವುಗಳೊಡನೆ ವಯಸ್ಸನ್ನೂ ನೋಡಿ ವಿಂಗಡಿಸಲಾಗಿದೆ. ವಯಸ್ಸನ್ನು ಏಕೆ ನೋಡಬೇಕು? ತೂಕ ಸಮನಾಗಿದ್ದರೆ ಸಾಲದೆ? ಇದನ್ನೇ ನಾವು ಇಲ್ಲಿ ವಿಚಾರಮಾಡೋಣ.

ಮೊದಲು ಬಾಕ್ಸಿಂಗಿನ ಚರಿತ್ರೆಯಿಂದ ಕೆಲವು ನಿದರ್ಶನಗಳನ್ನು ತೆಗೆದುಕೊಳ್ಳೋಣ. 1976ರಲ್ಲಿ ವಿಲ್ಫ್ರೆಡ್ ಬೆನಿಟೆಜ್ ಎಂಬ ಹುಡುಗನು ಹದಿನೇಳೂವರೆ ವರ್ಷಕ್ಕೇ ಜಗಜ್ಜೆಟ್ಟಿಯಾದನು. ಆದರೆ ಅವನು ಗೆದ್ದ ವರ್ಗದ ತೂಕದ ಮಿತಿ ಸುಮಾರು 63.5 ಕಿಲೋಗ್ರಾಂ ಮಾತ್ರ. ಭಾರೀ ತೂಕದ ವರ್ಗದಲ್ಲಿ ಅಂಥ ಎಳೆಯರು ಯಾರೂ ಇಲ್ಲ. ಆ ವರ್ಗದಲ್ಲಿ ಅತಿ ಕಿರಿಯ ಜಗಜ್ಜೆಟ್ಟಿ ಎಂದರೆ ಮೈಕ್ ಟೈಸನ್. 1986ರ ನವೆಂಬರ್ 22ರಂದು ಗೆದ್ದಾಗ ಅವನಿಗೆ 20 ವರ್ಷ 4 ತಿಂಗಳು. ಅವನಿಗೆ ಮುನ್ನ ಈ ಕೀರ್ತಿ ಫ್ಲಾಯ್ಡ್ ಪ್ಯಾಟರ್ಸನ್ನನದಾಗಿದ್ದಿತು. ಅವನು 1956ರಲ್ಲಿ ಆರ್ಚಿ ಮೂರ್ ಎಂಬ ಹಿರಿಯ ಮಲ್ಲನನ್ನು ಸೋಲಿಸಿದಾಗ 21 ವರ್ಷ 10 ತಿಂಗಳಿನವನು. ಪ್ಯಾಟರ್ಸನ್ನನ ತೂಕವಾದರೋ ಆಗ ಸುಮಾರು 83 ಕಿಲೋಗ್ರಾಂ. ಇಂದಿನ ವಿಂಗಡಣೆಯಂತೆ ಈ ವರ್ಗವು 90.7 ಕಿಲೋಗ್ರಾಂ ಮೀರಿದವರದು. ಇನ್ನೊಂದು ತುದಿಯನ್ನು ನೋಡಿದರೆ, ಜಾರ್ಜ್ ಫೋರ್‌ಮನ್ 1994ರಲ್ಲಿ ತನ್ನ 45ನೆಯ ವಯಸ್ಸಿನಲ್ಲಿ ಅದೇ ಪದವಿಯನ್ನು ಮರಳಿ ಪಡೆದನು; ಅಲೆಕ್ಸಾಂಡರ್ ಉಸಿಕ್ 2024ರಲ್ಲಿ ಎಲ್ಲ ಪ್ರಮುಖ ಪಟ್ಟಗಳನ್ನೂ ಒಟ್ಟುಗೂಡಿಸಿದಾಗ 37 ವರ್ಷದವನು. ಭಾರೀ ಮಲ್ಲರು ತಡವಾಗಿ ಮಾಗುತ್ತಾರೆ, ಬಹುಕಾಲ ನಿಲ್ಲುತ್ತಾರೆ.

ಇದಕ್ಕೆ ಮುಖ್ಯ ಕಾರಣವನ್ನು ದೇಹದ ಬೆಳವಣಿಗೆಯ ಕ್ರಮದಲ್ಲಿಯೇ ಹುಡುಕಬೇಕು. ದೇವನಹಳ್ಳಿಯ ಬಳಿಯ ಆವತಿಯಲ್ಲಿ ಹದಿನೇಳು ವರ್ಷದ, 92 ಕಿಲೋಗ್ರಾಂ ತೂಗುವ ಹುಡುಗನೊಬ್ಬನಿದ್ದಾನೆಂದು ಕಲ್ಪಿಸಿಕೊಳ್ಳೋಣ. ರಾಗಿಯ ಮೂಟೆಯನ್ನು ಸಲೀಸಾಗಿ ಹೆಗಲಿಗೇರಿಸುವ ಇಂಥವನನ್ನು ಕಂಡು ಊರಿನವರು ‘ಗಂಡಾಳು’ ಎನ್ನುವುದು ಸಹಜ. ಆದರೆ ತಕ್ಕಡಿಗೆ ತಿಳಿಯದ ಸಂಗತಿಗಳು ಕೆಲವುಂಟು. ಹುಡುಗರು ಹದಿನಾಲ್ಕರ ಆಸುಪಾಸಿನಲ್ಲಿ ಅತಿ ವೇಗವಾಗಿ ಎತ್ತರವಾಗುತ್ತಾರೆ. ಮೊದಲು ಉದ್ದ, ಆಮೇಲೆ ಅಗಲ ಎಂಬುದು ಪ್ರಕೃತಿಯ ಕ್ರಮ. ಎಲುಬುಗಳ ತುದಿಗಳಲ್ಲಿ ಬೆಳೆಯುವ ಮೃದ್ವಸ್ಥಿಯ ಪದರಗಳಿರುತ್ತವೆ. ಇವು ಒಂದೊಂದು ಎಲುಬಿನಲ್ಲಿ ಒಂದೊಂದು ಕಾಲಕ್ಕೆ ಗಟ್ಟಿಯಾಗಿ ಬೆಸೆದುಕೊಳ್ಳುತ್ತವೆ. ಎದೆಗೂ ಭುಜಕ್ಕೂ ನಡುವೆ ತೊಲೆಯಂತಿರುವ ಕೊರಳೆಲುಬಿನ ಒಳತುದಿಯು ಎಲ್ಲಕ್ಕೂ ಕಡೆಗೆ, ಇಪ್ಪತ್ತು ದಾಟಿದ ಮೇಲೆಯೇ, ಪೂರ್ತಿ ಬೆಸೆಯುವುದು. ಮಾಂಸಖಂಡಗಳು ತುಂಬಿಕೊಳ್ಳುವುದೂ ಎತ್ತರ ನಿಂತ ಮೇಲೆ ಹಲವು ವರ್ಷ ಮುಂದುವರಿಯುತ್ತದೆ. ಎಂದಮೇಲೆ ಹದಿನೇಳರ 92 ಕಿಲೋಗ್ರಾಮೂ ಇಪ್ಪತ್ತೇಳರ 92 ಕಿಲೋಗ್ರಾಮೂ ಒಂದೇ ಅಲ್ಲ. 60 ಕಿಲೋಗ್ರಾಮಿನ ಹುಡುಗನಾದರೋ ತನ್ನ ವರ್ಗಕ್ಕೆ ಬೇಕಾದ ಮೈಯನ್ನು ಬೇಗನೆ ಪಡೆದುಬಿಡುತ್ತಾನೆ. ಅವನಿಗೆ ಬೇಕಾದ ಚುರುಕು ಎಳೆತನದಲ್ಲಿ ಧಾರಾಳವಾಗಿರುತ್ತದೆ.

ಇನ್ನು ವಿರಳತೆಯ ಗಣಿತ. ಲೆಕ್ಕಕ್ಕೆಂದು ಮಾತ್ರ, ಆ ವಯಸ್ಸಿನ ಹುಡುಗರಲ್ಲಿ ನೂರಕ್ಕೊಬ್ಬನಿಗೆ ಅಷ್ಟು ಗಟ್ಟಿ ಮೈಯುಂಟೆಂದೂ ಸಾವಿರಕ್ಕೊಬ್ಬನಿಗೆ ಮುಷ್ಟಿಯುದ್ಧದ ಅಸಾಧಾರಣ ಪ್ರತಿಭೆಯುಂಟೆಂದೂ ಇಟ್ಟುಕೊಳ್ಳೋಣ. ಎರಡೂ ಒಂದನ್ನೊಂದು ಅವಲಂಬಿಸದಿದ್ದರೆ ಎರಡೂ ಇರುವವನು ಲಕ್ಷಕ್ಕೊಬ್ಬ. ವಾಸ್ತವದಲ್ಲಿ ಇದಕ್ಕಿಂತಲೂ ಕಡಮೆಯೆಂದು ನಮ್ಮ ಅಭಿಪ್ರಾಯ. ಏಕೆಂದರೆ ದಪ್ಪ ಹುಡುಗನು ಓರಗೆಯವರನ್ನು ಭಾರದಿಂದಲೇ ಅದುಮಿ ಗೆಲ್ಲುತ್ತಾನೆ. ಪಟ್ಟುಗಳನ್ನು ಕಲಿಯುವ ಅಗತ್ಯವೇ ಅವನಿಗೆ ಬೀಳುವುದಿಲ್ಲ. ಗರಡಿಯ ಉಸ್ತಾದರಿಗೆ ಇದು ಹೊಸ ಮಾತಲ್ಲ. ಸಮತೂಕದ ಜೊತೆಗಾರರೂ ಅವನಿಗೆ ಸಿಕ್ಕುವುದು ದುರ್ಲಭ. ಸಿಕ್ಕವರು ಬಹುಮಟ್ಟಿಗೆ ಬೆಳೆದ ಗಂಡಸರೇ.

ಹಾಗಾದರೆ ಟೈಸನ್ ಹೇಗೆ ಸಾಧಿಸಿದನು? ಅವನೂ ಪ್ಯಾಟರ್ಸನ್ನನೂ ಒಬ್ಬನೇ ಗುರುವಿನ ಶಿಷ್ಯರೆಂಬುದು ಸ್ವಾರಸ್ಯಕರ ಸಂಗತಿ. ಆ ಗುರು ಕಸ್ ಡಿ’ಅಮಾಟೊ. ಹದಿಮೂರರ ಸುಮಾರಿನಲ್ಲಿಯೇ ಗಂಡಸಿನ ಮೈ ಬಂದಿದ್ದ ಟೈಸನ್ನನ್ನು ಅವನು ಕೈಗೆ ತೆಗೆದುಕೊಂಡು, ತಲೆಯನ್ನು ತಪ್ಪಿಸುವ ವಿದ್ಯೆಯನ್ನು ಮತ್ತೆ ಮತ್ತೆ ತಿದ್ದಿದನು. ಶಿಷ್ಯನ ಪಟ್ಟವನ್ನು ನೋಡುವ ಮುನ್ನವೇ, 1985ರಲ್ಲಿ ತೀರಿಕೊಂಡನು. ಇಷ್ಟಾಗಿಯೂ 1984ರಲ್ಲಿ ಒಲಿಂಪಿಕ್ ತಂಡದ ಆಯ್ಕೆಯಲ್ಲಿ, ತನಗಿಂತ ಸುಮಾರು ಆರು ವರ್ಷ ಹಿರಿಯನಾದ ಹೆನ್ರಿ ಟಿಲ್‌ಮನ್ ಎದುರು ಟೈಸನ್ ಸೋತನೆಂಬುದನ್ನು ಅವನ ಅಭಿಮಾನಿಗಳು ಅಷ್ಟಾಗಿ ನೆನೆಯುವುದಿಲ್ಲ. ಬೇಗ ಮಾಗಿದ ಮೈ, ತಕ್ಕ ಗುರು, ವರ್ಷಗಟ್ಟಲೆಯ ಸಾಧನೆ ಇವು ಒಂದೆಡೆ ಕೂಡಿದ ಅಪರೂಪದ ಯೋಗವದು.

ಅಪವಾದವನ್ನೇ ನಿಯಮವೆಂದು ಬಗೆದು ಎಳೆಯನನ್ನು ಕಣಕ್ಕಿಳಿಸಿದರೆ ಆಗುವ ಹಾನಿಯೇನು? 1985ರಲ್ಲಿ ಬ್ರಿಟನ್ನಿನ ವಿಜ್ಞಾನಿಗಳು ಫ್ರಾಂಕ್ ಬ್ರೂನೋ ಎಂಬ ಭಾರೀ ಮಲ್ಲನ ಹೊಡೆತವನ್ನು ಅಳೆದರು. ಮುಷ್ಟಿಯ ವೇಗ ಸೆಕೆಂಡಿಗೆ 8.9 ಮೀಟರ್, ತಗುಲಿದ 14 ಮಿಲಿಸೆಕೆಂಡುಗಳೊಳಗೆ ಬಲವು 4096 ನ್ಯೂಟನ್ನಿಗೇರಿತು. ಎಂದರೆ ಸುಮಾರು 418 ಕಿಲೋಗ್ರಾಂ ಭಾರಕ್ಕೆ ಸಮ. ಇಂಥ ಪೆಟ್ಟಿಗೆ ತಲೆಯು ಥಟ್ಟನೆ ತಿರುಗುತ್ತದೆ. ಒಳಗೆ ದ್ರವದಲ್ಲಿ ತೇಲುವ ಮಿದುಳು ಆ ವೇಗಕ್ಕೆ ಹೊಂದಿಕೊಳ್ಳಲಾರದೆ ತಿರುಚಿಕೊಳ್ಳುತ್ತದೆ, ನವಿರಾದ ನರತಂತುಗಳು ಎಳೆದಂತಾಗುತ್ತವೆ. ಸಾಮು ಮಾಡಿ ತೋಳನ್ನು ಬಲಿಸಬಹುದು, ಕುತ್ತಿಗೆಯನ್ನೂ ಬಲಿಸಬಹುದು. ಮಿದುಳನ್ನು ಬಲಿಸುವ ಸಾಮು ಯಾವ ಗರಡಿಯಲ್ಲಿಯೂ ಇಲ್ಲ. ಹದಿಹರೆಯದ ಮಿದುಳಾದರೋ ಇನ್ನೂ ಬೆಳೆಯುತ್ತಿರುವಂಥದು. ಅದರ ಮುಂಭಾಗದ ಬೆಳವಣಿಗೆ ಇಪ್ಪತ್ತರ ಬಳಿಕವೂ ಮುಂದುವರಿಯುತ್ತದೆ. ಜೆಟ್ಟಿಗಳ ಕಾಳಗದಲ್ಲಿ ರಕ್ತವು ಹೊರಗೆ ಕಾಣುವುದರಿಂದ ನಿಲ್ಲಿಸಲು ಗುರುತೊಂದುಂಟು. ಕೈಗವಸು ತೊಟ್ಟ ಮುಷ್ಟಿಯ ಪೆಟ್ಟು ಹೊರಗೆ ಗಾಯ ತೋರದೆಯೂ ಒಳಗೆ ಕೆಡುಕು ಮಾಡಬಲ್ಲದು. ಅಮೆರಿಕದ ವೈದ್ಯ ಹ್ಯಾರಿಸನ್ ಮಾರ್ಟ್‌ಲ್ಯಾಂಡನು 1928ರಲ್ಲಿಯೇ, ಬಹುಕಾಲ ಪೆಟ್ಟು ತಿಂದ ಮುಷ್ಟಿಮಲ್ಲರಲ್ಲಿ ನಡಿಗೆ ತೊಡರುವುದನ್ನೂ ಬುದ್ಧಿ ಮಂಕಾಗುವುದನ್ನೂ ವರ್ಣಿಸಿ ಲೇಖನ ಬರೆದಿದ್ದನು. ಎಷ್ಟು ಬೇಗ ಆರಂಭವೋ ಪೆಟ್ಟುಗಳ ಲೆಕ್ಕವೂ ಅಷ್ಟು ಬೇಗ ಬೆಳೆಯತೊಡಗುತ್ತದೆ.

ಮೇಲೆ ಹೇಳಿದ ಬೆನಿಟೆಜ್ ಪೆಟ್ಟುಗಳಿಂದುಂಟಾದ ಮಿದುಳಿನ ವ್ಯಾಧಿಗೆ ತುತ್ತಾಗಿ, ಪರರ ಆರೈಕೆಯಲ್ಲಿಯೇ ಬದುಕಬೇಕಾಯಿತು. ಪ್ಯಾಟರ್ಸನ್ ಮುಂದೆ ನ್ಯೂಯಾರ್ಕ್ ರಾಜ್ಯದ ಕ್ರೀಡಾ ಆಯೋಗದ ಅಧ್ಯಕ್ಷನಾಗಿದ್ದನು. 1998ರಲ್ಲಿ ಒಂದು ಮೊಕದ್ದಮೆಯ ಸಂಬಂಧವಾಗಿ ಹೇಳಿಕೆ ಕೊಡುವಾಗ, 1956ರಲ್ಲಿ ತಾನು ಯಾರನ್ನು ಸೋಲಿಸಿ ಜಗಜ್ಜೆಟ್ಟಿಯಾದೆನೆಂಬುದು ಅವನ ನೆನಪಿಗೆ ಬರಲಿಲ್ಲ. ಅನಂತರ ಅವನು ಆ ಹುದ್ದೆಗೆ ರಾಜೀನಾಮೆಯಿತ್ತನು.