ಡ್ರೂಯಿಡ್ ಆಡುವವರೇ, ಒಂದು ಮಾತು ಕೇಳಿ

ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ನಲ್ಲಿ ಡ್ರೂಯಿಡ್, ಪ್ಯಾಲಡಿನ್ ಅಥವಾ ಶಾಮನ್ ಆರಿಸಿಕೊಂಡ ಮೊದಲ ವಾರದಲ್ಲೇ ನಿಮಗೊಂದು ಹುಮ್ಮಸ್ಸು ಬಂದುಬಿಡುತ್ತದೆ. ಟ್ಯಾಂಕ್ ಆಗಿ ಏಟು ತಿನ್ನುವವರೂ ನೀವೇ, ಹೀಲರ್ ಆಗಿ ಎಲ್ಲರನ್ನೂ ಉಳಿಸುವವರೂ ನೀವೇ, ಡ್ಯಾಮೇಜ್ ಮೀಟರಿನಲ್ಲಿ ಮೊದಲ ಹೆಸರೂ ನಿಮ್ಮದೇ ಆಗಬೇಕು! ಅತಿ ಆಸೆ ಗತಿಗೇಡು. ಹೈಬ್ರಿಡ್ ಕ್ಲಾಸ್ ನಿಮಗೆ ಕೊಡುವುದು ಹಲವು ಕೆಲಸಗಳಲ್ಲಿ ಒಂದನ್ನು ಆರಿಸುವ ಅವಕಾಶ. ಎಲ್ಲವನ್ನೂ ಒಟ್ಟಿಗೆ ಮಾಡುವ ಶಕ್ತಿಯನ್ನು ಯಾರೂ ನಿಮಗೆ ಕೊಟ್ಟಿಲ್ಲ.

ಮೇಜ್‌ಗಿಂತ ನನ್ನ ಡ್ಯಾಮೇಜ್ ಏಕೆ ಕಡಿಮೆ ಎಂದು ಮುಖ ಊದಿಸಿಕೊಳ್ಳುವುದನ್ನು ಮೊದಲು ಬಿಡಿ. ಅಷ್ಟೇ ಬಲವಾಗಿ ಹೊಡೆಯುವವರು ಬೇಕೆಂದಾಗ ಹೀಲ್ ಕೂಡ ಮಾಡಿಬಿಟ್ಟರೆ, ಬರೀ ಹೊಡೆಯುವುದಷ್ಟೇ ಗೊತ್ತಿರುವ ಮೇಜ್, ರೋಗ್‌ಗಳನ್ನು ರೇಡ್‌ಗೆ ಕರೆಯುವವರಾರು? ಅದಕ್ಕೇ ಆಟ ಕಟ್ಟಿದವರು ಬಹುಕಾಲ ಹೈಬ್ರಿಡ್‌ಗಳ ಡ್ಯಾಮೇಜ್ ಅನ್ನು ತುಸು ಕೆಳಗೇ ಇಟ್ಟಿದ್ದರು. ಆಟಗಾರರು ಅದನ್ನು ‘ಹೈಬ್ರಿಡ್ ಟ್ಯಾಕ್ಸ್’ ಎಂದು ಕರೆದು ಗೊಣಗಿದರು. 1999ರ ಎವರ್‌ಕ್ವೆಸ್ಟ್‌ನಲ್ಲಿ ಇದು ಇನ್ನೂ ಕಟುವಾಗಿತ್ತು. ರೇಂಜರ್, ಪ್ಯಾಲಡಿನ್, ಬಾರ್ಡ್, ಶ್ಯಾಡೋ ನೈಟ್‌ಗಳಿಗೆ ಅನುಭವದ ಅಂಕಗಳಲ್ಲಿ ಶೇ 40ರ ದಂಡ! ಅದರ ಹೊರೆ ಜೊತೆಗಾರರ ಮೇಲೂ ಬೀಳುತ್ತಿದ್ದುದರಿಂದ ಅವರನ್ನು ಗುಂಪಿಗೆ ಸೇರಿಸಿಕೊಳ್ಳಲು ಜನ ಹಿಂಜರಿಯುತ್ತಿದ್ದರು. ಆ ದಂಡ ಮುಂದೆ ರದ್ದಾಯಿತು, ವಾರ್‌ಕ್ರಾಫ್ಟ್‌ನ ಟ್ಯಾಕ್ಸೂ ಕರಗುತ್ತಾ ಬಂತು. 2009ರಲ್ಲಿ ಎರಡು ಟ್ಯಾಲೆಂಟ್ ಜೋಡಣೆಗಳನ್ನು (ಸ್ಪೆಕ್) ಇಟ್ಟುಕೊಳ್ಳುವ ಡ್ಯುಯಲ್ ಸ್ಪೆಕ್ ಬಂದ ಮೇಲೆ ಒಂದು ಬಾಸ್‌ಗೆ ಟ್ಯಾಂಕ್, ಇನ್ನೊಂದಕ್ಕೆ ಹೀಲರ್ ಆಗುವುದು ಸುಲಭವಾಯಿತು. ಆದರೆ ಕಾದಾಟದ ನಡುವೆ ಸ್ಪೆಕ್ ಬದಲಿಸಲಾಗದು. ನೀವು ತೆರಬೇಕಾದ ಬೆಲೆ ಅದು, ನ್ಯಾಯವಾದದ್ದೇ.

ಹಾಗಾಗಿ ಕೆಲಸವನ್ನು ಮೊದಲೇ ನಿಶ್ಚಯಿಸಿಕೊಳ್ಳಿ. ಕ್ಲಾಸಿಕ್ ಆಡುವವರಾದರೆ ಇನ್ನೂ ಎಚ್ಚರ ಬೇಕು. 60ನೇ ಲೆವೆಲ್‌ನಲ್ಲಿ ಸಿಗುವುದು 51 ಟ್ಯಾಲೆಂಟ್ ಪಾಯಿಂಟ್. ಮಕ್ಕಳಿಗೆ ಮಿಠಾಯಿ ಹಂಚಿದಂತೆ ಮೂರು ಟ್ರೀಗಳಿಗೂ 17ರಂತೆ ಹಂಚಬೇಡಿ. ತುದಿಯ ಟ್ಯಾಲೆಂಟ್‌ಗೆ ಒಂದರಲ್ಲೇ 31 ಬೇಕು. ಆಮೇಲೆ ಬದಲಿಸುತ್ತೇನೆ ಎಂದರೆ ಮೊದಲ ಸಲ 1 ಗೋಲ್ಡ್, ಏರುತ್ತಾ ಹೋಗಿ 50 ಗೋಲ್ಡ್ ಕೈಬಿಡುತ್ತದೆ.

ಎರಡನೆಯ ಕೆಲಸಕ್ಕೂ ಬ್ಯಾಗಿನಲ್ಲಿ ಬೇರೆ ಗೇರ್ ಇಟ್ಟುಕೊಳ್ಳಿ. ಕರಡಿ ರೂಪಕ್ಕೆ ಬೇಕಾದದ್ದು ಆರ್ಮರ್ ಮತ್ತು ಸ್ಟ್ಯಾಮಿನಾ, ಹೀಲರ್‌ಗೆ ಇಂಟೆಲೆಕ್ಟ್. ಒಂದೇ ಉಡುಪಿನಲ್ಲಿ ಎರಡನ್ನೂ ನಿಭಾಯಿಸುತ್ತೇನೆಂದರೆ ಎರಡು ದೋಣಿಯಲ್ಲಿ ಕಾಲಿಟ್ಟ ಹಾಗಾಗುತ್ತದೆ. ಆದರೆ ಆ ನೆಪದಲ್ಲಿ ಬಿದ್ದ ಲೂಟ್‌ಗೆಲ್ಲ ‘ನೀಡ್’ ಒತ್ತಬೇಡಿ. ಮೇನ್ ಸ್ಪೆಕ್‌ನವರು ಮೊದಲು, ಆಫ್ ಸ್ಪೆಕ್‌ನವರು ಆಮೇಲೆ. ಗಿಲ್ಡ್‌ನಲ್ಲಿ ಮರ್ಯಾದೆ ಉಳಿಯುವುದು ಹೀಗೆಯೇ.

ಆಫ್ ಸ್ಪೆಕ್ ಅನ್ನು ಚಿಕ್ಕ ಡಂಜನ್‌ಗಳಲ್ಲಿ ಆಡಿ ಪಳಗಿಸಿ. ಬಾಸ್ ಎದುರು ನಿಂತು ಹೀಲಿಂಗ್ ಬಟನ್ ಹುಡುಕುವುದು ಯುದ್ಧಕಾಲೇ ಶಸ್ತ್ರಾಭ್ಯಾಸ ಎಂಬಂತೆಯೇ. ಏಟು ತಿನ್ನುತ್ತಿರುವ ಕರಡಿ ಯಾರಿಗೋ ಹೀಲ್ ಮಾಡಲೆಂದು ರೂಪ ಬಿಟ್ಟರೆ ಆರ್ಮರ್ ಕುಸಿದು, ಮುಂದಿನ ಏಟಿಗೆ ನೆಲ ಕಚ್ಚುತ್ತದೆ. ಒಳ್ಳೆಯ ಮನಸ್ಸಿನಿಂದ ಮಾಡಿದಿರಿ, ಒಪ್ಪಿದೆ. ಆದರೆ ಟ್ಯಾಂಕ್ ಬಿದ್ದರೆ ರೇಡ್ ಮುಗಿದಂತೆ. ಕಾದಾಟದ ನಡುವೆಯೇ ಸತ್ತವರನ್ನು ಎಬ್ಬಿಸುವ ಡ್ರೂಯಿಡ್‌ನ ರಿಬರ್ತ್ ಅನ್ನೂ ಕ್ಲಾಸಿಕ್‌ನಲ್ಲಿ 30 ನಿಮಿಷಕ್ಕೊಮ್ಮೆ ಮಾತ್ರ ಬಳಸಬಹುದು. ಮೊದಲು ಸತ್ತ ಗೆಳೆಯನ ಮೇಲೆ ಅದನ್ನು ಖರ್ಚು ಮಾಡದೆ ಟ್ಯಾಂಕ್‌ಗೋ ಹೀಲರ್‌ಗೋ ಉಳಿಸಿ. ಮಾನಾ ತುಂಬಿಸುವ ಇನ್ನರ್ವೇಟ್ ಸಲ್ಲಬೇಕಾದದ್ದು ಮಾನಾ ಬರಿದಾಗುತ್ತಿರುವ ಹೀಲರ್‌ಗೆ. ಈ ಎರಡೂ ಮಂತ್ರಗಳು ಡ್ಯಾಮೇಜ್ ಮೀಟರಿನಲ್ಲಿ ನಿಮ್ಮ ಹೆಸರನ್ನು ಮೇಲೇರಿಸುವುದಿಲ್ಲ. ಆದರೂ ಬಾಸ್ ಬೀಳುವುದೋ ರೇಡ್ ಮಣ್ಣುಗೂಡುವುದೋ ಎಂಬುದು ಎಷ್ಟೋ ಸಲ ಇವುಗಳಿಂದಲೇ ತೀರ್ಮಾನವಾಗುತ್ತದೆ.

ರೇಡ್ ಲೀಡರ್‌ಗಳೇ, ನಿಮಗೂ ಒಂದು ಮಾತಿದೆ. ಹೀಲರ್ ಬಾರದ ಪ್ರತಿ ಸಲವೂ ಡ್ರೂಯಿಡ್ ತಲೆಗೇ ಕಟ್ಟಬೇಡಿ. ಕೆಲಸ ಹೀಲರ್‌ನದು, ಲೂಟ್ ಹಂಚುವಾಗ ಮಾತ್ರ ‘ನಿನ್ನದು ಆಫ್ ಸ್ಪೆಕ್’ ಎನ್ನುವುದು ಯಾವ ನ್ಯಾಯ? ಒಂದು ಮಾತು ಕೇಳಿ ಒಪ್ಪಿಸಿ, ಆ ಕೆಲಸಕ್ಕೆ ತಕ್ಕ ಪಾಲನ್ನೂ ಕೊಡಿ. ಮಾತು ಬಲ್ಲವನಿಗೆ ಜಗಳವಿಲ್ಲ.

ಹೈಬ್ರಿಡ್ ಆಡುವವರೇ, ಮುಂದಿನ ರೇಡ್‌ಗೆ ಹೊರಡುವ ಮುನ್ನ ನಿಮ್ಮ ಕೆಲಸ ಯಾವುದೆಂದು ಲೀಡರ್‌ಗೆ ಒಂದು ಸಾಲು ಬರೆದು ತಿಳಿಸಿ. ಬಾಸ್ ಬೀಳುವವರೆಗೆ ಆ ಕೆಲಸ ಬಿಟ್ಟು ಕದಲಬೇಡಿ.